ಗಡುವಿಲ್ಲದ ವೀಸಾ

ಮೆಲ್ಬರ್ನಿನಲ್ಲಿ ಕನ್ನಡಿಗರ ಯಾವ ಕೂಟಕ್ಕೆ ಹೋದರೂ ಪಿಆರ್, ಅಂದರೆ ಶಾಶ್ವತ ನಿವಾಸದ ವೀಸಾದ, ಮಾತು ಒಂದಲ್ಲ ಒಂದು ಮೂಲೆಯಿಂದ ಕೇಳಿಬರುತ್ತದೆ. ವಯಸ್ಸಿಗೆ ಇಷ್ಟು ಅಂಕ, ಇಂಗ್ಲಿಷ್ ಪರೀಕ್ಷೆಗೆ ಇಷ್ಟು, ಕೆಲಸದ ಅನುಭವಕ್ಕೆ ಇಷ್ಟು ಎಂದು ಕೂಡಿಸಿ, ಕನಿಷ್ಠ ಮಿತಿಯಾದ 65 ದಾಟಿದರೂ ಅರ್ಜಿ ಹಾಕಲು ಆಹ್ವಾನ ಬರಲಿಲ್ಲವಲ್ಲ ಎಂದು ಕೊರಗುವವರು ಪ್ರತಿ ಸಲವೂ ಸಿಗುತ್ತಾರೆ. ನಾನೂ ಅದೇ ಲೆಕ್ಕ ಹಾಕಿ ಇಲ್ಲಿ ನೆಲೆಸಿದವಳು. ಆದರೆ ಕೆಲವು ವರ್ಷಗಳಿಂದ ಬಿಡುವಾದ ಶನಿವಾರಗಳಂದು ನಿರಾಶ್ರಿತರಿಗೆ ಕಾನೂನು ನೆರವು ನೀಡುವ ಸಣ್ಣ ಸಂಸ್ಥೆಯೊಂದರಲ್ಲಿ ಕುಳಿತು ಅರ್ಜಿಗಳ ಕೆಲಸದಲ್ಲಿ ಕೈಜೋಡಿಸುತ್ತಿರುವುದರಿಂದ, ಅದೇ ಶಾಶ್ವತ ನಿವಾಸಕ್ಕಾಗಿ ಇದೇ ಊರಿನಲ್ಲಿ ಹತ್ತು ವರ್ಷ ಕಾದ, ಯಾವ ಅಂಕದ ಲೆಕ್ಕಕ್ಕೂ ಸಿಗದ ಜನರ ಪರಿಚಯ ನನಗಾಗಿದೆ. ಈ ಬರಹ ಅವರು ಹಿಡಿದಿದ್ದ ತಾತ್ಕಾಲಿಕ ವೀಸಾ ಶಾಶ್ವತವಾದ ಬಗೆಯನ್ನು ಕುರಿತದ್ದು.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಆಸ್ಟ್ರೇಲಿಯಾದಲ್ಲಿ ವಲಸೆ ವಿಷಯದಲ್ಲಿ ಸಲಹೆ ಕೊಡುವ ಅಧಿಕಾರ ಇರುವುದು ನೋಂದಾಯಿತ ಏಜೆಂಟರಿಗೆ ಮತ್ತು ವಕೀಲರಿಗೆ. ನಾನು ಮಾಡುವುದು ದಾಖಲೆಗಳನ್ನು ಜೋಡಿಸುವ, ಹೆಸರು ಮತ್ತು ದಿನಾಂಕಗಳನ್ನು ತಾಳೆ ನೋಡುವ, ಬೆಂಗಳೂರಿನಲ್ಲಿ ಬೆಳೆದ ಪುಣ್ಯಕ್ಕೆ ಬಂದಿರುವ ತಮಿಳಿನಲ್ಲಿ ಶ್ರೀಲಂಕಾದವರೊಡನೆ ನಾಲ್ಕು ಮಾತಾಡಿ ಅವರ ಭಯವನ್ನು ಕೊಂಚ ಇಳಿಸುವ ಕೆಲಸ. ಆದ್ದರಿಂದ ಯಾರೂ ಇದನ್ನು ಕಾನೂನು ಸಲಹೆಯೆಂದು ಓದಬಾರದು.

2023ರ ಫೆಬ್ರವರಿ 13ರಂದು ಅಂದಿನ ವಲಸೆ ಸಚಿವ ಆಂಡ್ರ್ಯೂ ಗೈಲ್ಸ್ ಮತ್ತು ಗೃಹ ವ್ಯವಹಾರಗಳ ಸಚಿವೆ ಕ್ಲೇರ್ ಓ'ನೀಲ್ ಒಂದು ಘೋಷಣೆ ಮಾಡಿದರು. ಟಿಪಿವಿ ಎಂದು ಕರೆಯುವ ತಾತ್ಕಾಲಿಕ ರಕ್ಷಣೆಯ ವೀಸಾ ಅಥವಾ ಶೆವ್ ಎಂದು ಕರೆಯುವ ಸೇಫ್ ಹೇವನ್ ಎಂಟರ್‌ಪ್ರೈಸ್ ವೀಸಾ ಹೊಂದಿದ್ದವರು, ಮತ್ತು ಅಂದಿನೊಳಗೆ ಅವುಗಳಿಗೆ ಅರ್ಜಿ ಹಾಕಿ ಕಾಯುತ್ತಿದ್ದವರು, ಇನ್ನು ಮುಂದೆ ರೆಸಲ್ಯೂಷನ್ ಆಫ್ ಸ್ಟೇಟಸ್ ಎಂಬ ಶಾಶ್ವತ ವೀಸಾಕ್ಕೆ, ಅಂದರೆ ಉಪವರ್ಗ 851ಕ್ಕೆ, ಅರ್ಹರಾಗುತ್ತಾರೆ ಎಂಬುದು ಅದರ ಸಾರ. ಸುಮಾರು 19 ಸಾವಿರ ಮಂದಿಗೆ ಇದರಿಂದ ದಾರಿ ತೆರೆಯಿತು. ಇವರಲ್ಲಿ ಬಹುತೇಕರು 2013 ಮುಗಿಯುವ ಮೊದಲೇ ದೋಣಿಗಳಲ್ಲಿ ಬಂದವರು. ಅಫ್ಘಾನಿಸ್ತಾನದ ಹಜಾರಾಗಳು, ಶ್ರೀಲಂಕಾದ ತಮಿಳರು, ಇರಾನಿಯನ್ನರು, ಇರಾಕಿಗಳು, ಮ್ಯಾನ್ಮಾರಿನ ರೋಹಿಂಗ್ಯಾಗಳು.

ಸುದ್ದಿ ಕೇಳಿದ ನಮ್ಮ ಕೂಟದ ಹಿರಿಯರೊಬ್ಬರು, 'ಸರ್ಕಾರ ಅವರಿಗೆಲ್ಲ ಪಿಆರ್ ಹಂಚಿಬಿಟ್ಟಿತಂತೆ' ಎಂದರು. ಕಷ್ಟಪಟ್ಟು ಅಂಕ ಕೂಡಿಸಿದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಹಂಚುವಿಕೆಯ ಮಾತು ಇಲ್ಲಿ ಹೊಂದುವುದಿಲ್ಲ. ಆ ವೀಸಾಗಳನ್ನು ಹೊಂದಿದ್ದ ಪ್ರತಿಯೊಬ್ಬರ, ಇಲ್ಲವೇ ಅವರು ನೆಚ್ಚಿಕೊಂಡಿದ್ದ ಕುಟುಂಬದವರ ವಿಷಯದಲ್ಲಿ, ಮರಳಿ ಕಳಿಸಿದರೆ ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿದೆ ಎಂಬುದನ್ನು ಇದೇ ಸರ್ಕಾರದ ಅಧಿಕಾರಿಗಳು ವಿಚಾರಣೆ ನಡೆಸಿ ಒಪ್ಪಿಕೊಂಡಾಗಿತ್ತು. ಅವರು ನಿರಾಶ್ರಿತರು ಹೌದೇ ಅಲ್ಲವೇ ಎಂಬ ಪ್ರಶ್ನೆ ಇತ್ಯರ್ಥವಾಗಿತ್ತು. ಆ ಉತ್ತರವನ್ನು ಮೂರು ವರ್ಷಕ್ಕೋ ಐದು ವರ್ಷಕ್ಕೋ ಒಮ್ಮೆ ಹಳೆಯದೆಂದು ಬದಿಗಿಟ್ಟು ಮತ್ತೆ ಅದೇ ಪ್ರಶ್ನೆ ಕೇಳುವುದನ್ನು ನಿಲ್ಲಿಸಲಾಯಿತು, ಅಷ್ಟೇ. ನನ್ನ ಮಟ್ಟಿಗೆ 2023ರ ಬದಲಾವಣೆಯ ತಿರುಳು ಇದು.

ಈ ವ್ಯವಸ್ಥೆ ಎಲ್ಲಿಂದ ಬಂತು ಎಂಬುದನ್ನು ತಿಳಿಯದೆ ಅದರ ತೂಕ ಗೊತ್ತಾಗುವುದಿಲ್ಲ. 1999ರ ಅಕ್ಟೋಬರ್‌ನಲ್ಲಿ ಜಾನ್ ಹೊವಾರ್ಡ್ ಅವರ ಸರ್ಕಾರ ಟಿಪಿವಿಯನ್ನು ಜಾರಿಗೆ ತಂದಿತು. ವೀಸಾ ಇಲ್ಲದೆ ಬಂದವರು ನಿರಾಶ್ರಿತರೆಂದು ಸಾಬೀತಾದರೂ ಅವರಿಗೆ ಮೂರು ವರ್ಷಗಳ ಆಶ್ರಯ ಮಾತ್ರ; ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಂತಿಲ್ಲ; ದೇಶ ಬಿಟ್ಟು ಹೋದರೆ ಮರಳುವಂತಿಲ್ಲ. ಹೀಗೆ ಮಾಡಿದರೆ ದೋಣಿ ಹತ್ತುವ ಮುನ್ನ ಜನ ಯೋಚಿಸುತ್ತಾರೆ ಎಂಬುದು ಸರ್ಕಾರದ ತರ್ಕವಾಗಿತ್ತು. ಆದದ್ದು ಬೇರೆ. ಗಂಡ ಮೊದಲು ಹೋಗಿ ಆಮೇಲೆ ಕಾನೂನಿನ ದಾರಿಯಲ್ಲಿ ಕುಟುಂಬವನ್ನು ಕರೆಸಿಕೊಳ್ಳುವ ಬಾಗಿಲು ಮುಚ್ಚಿದ ಮೇಲೆ, ಹೆಂಗಸರು ಮಕ್ಕಳು ತಾವೇ ದೋಣಿ ಹತ್ತಿದರು.

2001ರ ಅಕ್ಟೋಬರ್ 19ರಂದು ಇಂಡೋನೇಷ್ಯಾದಿಂದ ಆಸ್ಟ್ರೇಲಿಯಾಕ್ಕೆ ಸೇರಿದ ಕ್ರಿಸ್ಮಸ್ ದ್ವೀಪದ ಕಡೆಗೆ ಹೊರಟಿದ್ದ, ಮುಂದೆ ಸೀವ್ ಎಕ್ಸ್ ಎಂದು ಹೆಸರಾದ ದೋಣಿ ಮುಳುಗಿ 353 ಮಂದಿ ಸತ್ತರು. ಅವರಲ್ಲಿ 146 ಮಕ್ಕಳು, 142 ಹೆಂಗಸರು. ಸತ್ತವರಲ್ಲಿ ಹಲವರ ಗಂಡಂದಿರು ಅಥವಾ ತಂದೆಯರು ಆಗಲೇ ಆಸ್ಟ್ರೇಲಿಯಾದಲ್ಲಿ ಟಿಪಿವಿ ಹಿಡಿದುಕೊಂಡು ಇದ್ದರು. ಆ ವೀಸಾದ ಷರತ್ತಿನಿಂದಾಗಿ, ಸಾವಿನ ಸುದ್ದಿ ಬಂದ ಮೇಲೂ, ಬದುಕುಳಿದು ಇಂಡೋನೇಷ್ಯಾದಲ್ಲಿದ್ದ ಹೆಂಡತಿಯನ್ನು ನೋಡಲು ಹೋದರೆ ವಾಪಸ್ಸು ಬರಲು ಆಗದೆಂಬ ಸ್ಥಿತಿ ಗಂಡನದಾಗಿತ್ತು. ತಾತ್ಕಾಲಿಕ ರಕ್ಷಣೆಯ ಪರವಾಗಿ ಯಾರಾದರೂ ಎಷ್ಟೇ ಅಚ್ಚುಕಟ್ಟಾಗಿ ವಾದಿಸಲಿ, ನಾನು ಈ ಅಂಕಿಗಳನ್ನು ಬದಿಗಿಟ್ಟು ಕೇಳಲಾರೆ.

ಆ ಮೊದಲ ಸುತ್ತಿನಲ್ಲಿ 11 ಸಾವಿರದಷ್ಟು ಮಂದಿಗೆ ಟಿಪಿವಿ ಸಿಕ್ಕಿತ್ತು. ಬಂದ ದೇಶಗಳು ಮೂರು ವರ್ಷಗಳಲ್ಲಿ ಸರಿಹೋಗಲಿಲ್ಲವಾದ್ದರಿಂದ, ಮರುವಿಚಾರಣೆಯ ನಂತರ ಅವರಲ್ಲಿ ಬಹುಪಾಲು ಜನರಿಗೆ ಶಾಶ್ವತ ವೀಸಾ ಕೊಡಲೇಬೇಕಾಯಿತು. 2008ರ ಆಗಸ್ಟ್‌ನಲ್ಲಿ ಕೆವಿನ್ ರಡ್ ಸರ್ಕಾರ ಟಿಪಿವಿಯನ್ನೇ ರದ್ದುಮಾಡಿತು, ಮತ್ತು ಉಳಿದಿದ್ದವರನ್ನು ಶಾಶ್ವತ ನಿವಾಸಕ್ಕೆ ದಾಟಿಸಲು ಆಗ ರೂಪಿಸಿದ್ದೇ ಈ ಉಪವರ್ಗ 851. ಹದಿನೈದು ವರ್ಷಗಳ ನಂತರ ಅದೇ ವೀಸಾವನ್ನು ದೂಳು ಕೊಡವಿ ಮತ್ತೆ ಬಳಸಬೇಕಾಗಿ ಬಂದಿತೆಂದರೆ, ನಡುವೆ ಏನೂ ಕಲಿಯಲಿಲ್ಲ ಎಂದೇ ಅರ್ಥ.

ನಡುವೆ ನಡೆದದ್ದನ್ನು ಚುಟುಕಾಗಿ ಹೇಳುತ್ತೇನೆ. ದೋಣಿಗಳು ಹೆಚ್ಚಾದವು, 2012ರ ಆಗಸ್ಟ್ 13ರಿಂದ ಬಂದವರಿಗೆ ಬೇರೆ ನಿಯಮಗಳು ಅನ್ವಯವಾದವು, ಹಲವರನ್ನು ದೇಶದ ಹೊರಗೆ ನೌರು ಮತ್ತು ಮಾನುಸ್ ದ್ವೀಪಗಳಲ್ಲಿದ್ದ ಬಂಧನ ಕೇಂದ್ರಗಳಿಗೆ ಕಳಿಸಲಾಯಿತು. 2013ರಲ್ಲಿ ಅಧಿಕಾರಕ್ಕೆ ಬಂದ ಟೋನಿ ಆಬಟ್ ಸರ್ಕಾರ ಟಿಪಿವಿಯನ್ನು ನಿಯಮದ ಮೂಲಕ ಮರಳಿ ತಂದಾಗ ಅದೇ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಅದನ್ನು ತಳ್ಳಿಹಾಕಿತು. ಮರುವರ್ಷ ಡಿಸೆಂಬರ್‌ನಲ್ಲಿ ಕಾಯಿದೆಯನ್ನೇ ತಿದ್ದಿ, ಮೂರು ವರ್ಷಗಳ ಟಿಪಿವಿ ಮತ್ತು ಐದು ವರ್ಷಗಳ ಶೆವ್ ಎರಡನ್ನೂ ಸ್ಥಾಪಿಸಲಾಯಿತು. ಅಷ್ಟರಲ್ಲಿ ಸುಮಾರು 30 ಸಾವಿರ ಮಂದಿ ಅರ್ಜಿ ಹಾಕುವ ಅವಕಾಶವೂ ಇಲ್ಲದೆ, ತೀರ್ಮಾನವಾಗುವವರೆಗೆ ಇರಲು ಬಿಡುವ ಬ್ರಿಡ್ಜಿಂಗ್ ವೀಸಾಗಳಲ್ಲಿ ಕಾಯುತ್ತಿದ್ದರು. ಅವರಲ್ಲಿ ಅನೇಕರಿಗೆ ಆರಂಭದ ವರ್ಷಗಳಲ್ಲಿ ಕೆಲಸ ಮಾಡುವ ಹಕ್ಕೂ ಇರಲಿಲ್ಲ. ದೋಣಿಯಲ್ಲಿ ಬಂದವರಿಗೆ ಅರ್ಜಿ ಬರೆಯಲು ಸರ್ಕಾರದ ಹಣದಲ್ಲಿ ಸಿಗುತ್ತಿದ್ದ ವಕೀಲರ ನೆರವನ್ನು 2014ರಲ್ಲಿ ನಿಲ್ಲಿಸಲಾಗಿತ್ತು. ಆಮೇಲೆ 2017ರ ಅಕ್ಟೋಬರ್ 1ರೊಳಗೆ ಎಲ್ಲರೂ ಅರ್ಜಿ ಹಾಕಲೇಬೇಕೆಂಬ ಗಡುವು ಬಂತು. ಇಂಗ್ಲಿಷಿನಲ್ಲಿದ್ದ ಹತ್ತಾರು ಪುಟಗಳ ಆ ಅರ್ಜಿಯನ್ನು, ಶಾಲೆಯ ಮೆಟ್ಟಿಲನ್ನೇ ಹತ್ತದವರು ಸ್ವಯಂಸೇವಕರ ಎದುರು ಸಾಲುಗಟ್ಟಿ ಕುಳಿತು ತುಂಬಿಸಿದ ಕಾಲವದು.

ಮೊದಲ ಸುತ್ತಿಗೂ ಎರಡನೆಯ ಸುತ್ತಿಗೂ ಇದ್ದ ದೊಡ್ಡ ವ್ಯತ್ಯಾಸ ಇಲ್ಲಿದೆ. 1999ರ ವೀಸಾದ ಕೊನೆಯಲ್ಲಿ ಶಾಶ್ವತ ರಕ್ಷಣೆ ಸಿಗುವ ಸಾಧ್ಯತೆಯಾದರೂ ಇತ್ತು. 2014ರ ಕಾಯಿದೆಯ ಪ್ರಕಾರ ಟಿಪಿವಿಯನ್ನು ಎಷ್ಟು ಸಲ ನವೀಕರಿಸಿದರೂ ಮತ್ತೆ ಸಿಗುವುದು ಇನ್ನೊಂದು ತಾತ್ಕಾಲಿಕ ವೀಸಾವೇ. ಶೆವ್‌ಗೆ ಒಂದು ಕಿಂಡಿ ಇಟ್ಟಿದ್ದರು: ಗೊತ್ತುಪಡಿಸಿದ ಗ್ರಾಮಾಂತರ ಪ್ರದೇಶಗಳಲ್ಲಿ 42 ತಿಂಗಳು ಸರ್ಕಾರದ ಭತ್ಯೆ ಪಡೆಯದೆ ಕೆಲಸ ಮಾಡಿದರೆ ಅಥವಾ ಓದಿದರೆ, ಬೇರೆ ಬಗೆಯ ವೀಸಾಗಳಿಗೆ ಅರ್ಜಿ ಹಾಕಬಹುದು. ಹಾಕಬಹುದು ಅಷ್ಟೇ, ಸಿಗಬೇಕಾದರೆ ಆಯಾ ವೀಸಾದ ಎಲ್ಲ ಅರ್ಹತೆಗಳೂ ಇರಬೇಕು. ಅಂದರೆ ನಮ್ಮ ಕೂಟಗಳಲ್ಲಿ ಚರ್ಚೆಯಾಗುವ ಅದೇ ಅಂಕಗಳು, ಅದೇ ಇಂಗ್ಲಿಷ್ ಪರೀಕ್ಷೆ, ಅದೇ ನಲವತ್ತೈದರ ವಯೋಮಿತಿ. ಹಳ್ಳಿಗಾಡಿನ ಕಸಾಯಿಖಾನೆಯಲ್ಲಿ ಬೆಳಗಿನ ಪಾಳಿ ಮಾಡಿ, ಹಣ್ಣಿನ ತೋಟಗಳಲ್ಲಿ ಬುಟ್ಟಿ ಹೊತ್ತು ಆ 42 ತಿಂಗಳುಗಳನ್ನು ಪೂರೈಸಿದವರು, ಕೊನೆಗೆ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರರ ಜೊತೆ ಅದೇ ಸರದಿಯಲ್ಲಿ ನಿಲ್ಲಬೇಕಿತ್ತು. ಆ ಕಿಂಡಿಯಿಂದ ಆಚೆ ಬಂದವರು ಬೆರಳೆಣಿಕೆಯಷ್ಟು ಮಂದಿ.

ತಾತ್ಕಾಲಿಕ ವೀಸಾದಲ್ಲಿ ಕೆಲಸ ಮಾಡಬಹುದಿತ್ತು, ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ಸೌಲಭ್ಯ ಇತ್ತು, ಮಕ್ಕಳನ್ನು ಶಾಲೆಗೆ ಕಳಿಸಬಹುದಿತ್ತು. ಹಾಗಾದರೆ ತೊಂದರೆ ಏನು ಎಂದು ಕೇಳುವವರಿದ್ದಾರೆ, ಮತ್ತು ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು. ದಿನದಿಂದ ದಿನಕ್ಕೆ ನಡೆಯುವ ಬದುಕಿಗೆ ಆ ವೀಸಾ ಸಾಕಾಗುತ್ತಿತ್ತು. ಸಾಕಾಗದೆ ಇದ್ದದ್ದು, ಆಗುವುದಕ್ಕೆ ಹಲವು ವರ್ಷ ಬೇಕಾಗುವ ಎಲ್ಲದಕ್ಕೂ. ನಾಲ್ಕು ವರ್ಷಗಳ ಅಪ್ರೆಂಟಿಸ್‌ಗೆ ಸೇರಿಸಿಕೊಳ್ಳಲು ಮಾಲೀಕ ಹಿಂದೆಮುಂದೆ ನೋಡುತ್ತಾನೆ, ಏಕೆಂದರೆ ಹುಡುಗನ ವೀಸಾ ಉಳಿದಿರುವುದು ಹದಿನೆಂಟು ತಿಂಗಳು. ಮನೆಸಾಲಕ್ಕೆ ಬ್ಯಾಂಕಿನವರು ಮೊದಲು ಕೇಳುವುದೇ ವೀಸಾದ ಕೊನೆಯ ದಿನಾಂಕವನ್ನು. ಅವಧಿ ಮುಗಿಯುವ ಮೊದಲು ಹೊಸ ಅರ್ಜಿ ಹಾಕಿದ್ದರೆ ತೀರ್ಮಾನ ಬರುವವರೆಗೂ ಹಳೆಯ ವೀಸಾ ಚಾಲ್ತಿಯಲ್ಲೇ ಇರುತ್ತದೆ ಎಂಬುದು ಕಾನೂನು. ಆದರೆ ಕಾಗದದ ಮೇಲಿನ ದಿನಾಂಕ ದಾಟಿದ್ದನ್ನು ಕಂಡು ಗಾಬರಿಯಾಗುವ ಉದ್ಯೋಗದಾತರಿಗೆ ಅದನ್ನು ವಿವರಿಸುವ ಹೊರೆ ಕೆಲಸಗಾರನ ಮೇಲೆಯೇ ಬೀಳುತ್ತಿತ್ತು.

ಎಲ್ಲಕ್ಕಿಂತ ಕಹಿಯಾದದ್ದು ಮಕ್ಕಳ ಓದಿನ ವಿಷಯ. ಚಿಕ್ಕವರಾಗಿದ್ದಾಗಲೇ ಬಂದು, ಇಲ್ಲಿನ ಸರ್ಕಾರಿ ಶಾಲೆಯಲ್ಲೇ ಓದಿ, ಇಲ್ಲಿನವರಂತೆಯೇ ಇಂಗ್ಲಿಷ್ ಮಾತಾಡುವ ಮಕ್ಕಳು ಹನ್ನೆರಡನೆಯ ತರಗತಿ ಮುಗಿಸಿದ ದಿನ ವಿಶ್ವವಿದ್ಯಾಲಯದ ಕಣ್ಣಿಗೆ ವಿದೇಶಿ ವಿದ್ಯಾರ್ಥಿಗಳಾಗಿಬಿಡುತ್ತಿದ್ದರು. ವಿದೇಶಿಯರ ಪೂರ್ಣ ಶುಲ್ಕ ಕಟ್ಟಬೇಕು. ಇಲ್ಲಿನ ವಿದ್ಯಾರ್ಥಿಗಳಿಗೆ ಸಿಗುವ, ಸಂಪಾದನೆ ಶುರುವಾದ ಮೇಲೆ ತೆರಿಗೆಯ ಮೂಲಕ ತೀರಿಸುವ ಸರ್ಕಾರಿ ಶಿಕ್ಷಣ ಸಾಲ ಅವರಿಗಿಲ್ಲ. ಕೆಲವು ವಿಶ್ವವಿದ್ಯಾಲಯಗಳು ಬೆರಳೆಣಿಕೆಯ ವಿದ್ಯಾರ್ಥಿವೇತನಗಳನ್ನು ಇಟ್ಟಿದ್ದವು, ಅದು ಅವುಗಳ ದೊಡ್ಡತನ. ಸಿಗದವರು ಗೋದಾಮುಗಳಿಗೆ, ಅಡುಗೆಮನೆಗಳಿಗೆ ಸೇರಿದರು. ಭಾರತದಿಂದ ಓದಲು ಬಂದ ನಮ್ಮ ಮಕ್ಕಳೂ ಅದೇ ಶುಲ್ಕ ಕಟ್ಟುತ್ತಾರಲ್ಲ ಎಂದು ಒಬ್ಬರು ನನಗೆ ಹೇಳಿದ್ದುಂಟು. ಹೌದು, ಆದರೆ ನಮ್ಮ ಮಕ್ಕಳಿಗೆ ಮರಳಿ ಹೋಗಲು ಒಂದು ದೇಶವಿದೆ, ಅಲ್ಲೊಂದು ಕಾಲೇಜೂ ಇದೆ.

ಪ್ರಯಾಣದ ವಿಷಯದಲ್ಲೂ ಒಂದು ಕಟ್ಟುನಿಟ್ಟಾದ ಷರತ್ತಿತ್ತು. ಬಿಟ್ಟುಬಂದ ದೇಶಕ್ಕೆ ಕಾಲಿಡುವಂತಿಲ್ಲ. ಬೇರೆ ದೇಶಕ್ಕೆ ಹೋಗಬೇಕಾದರೂ ಕರುಣೆಯ ಅಥವಾ ಅನಿವಾರ್ಯದ ಕಾರಣ ತೋರಿಸಿ ಮುಂಚಿತವಾಗಿ ಲಿಖಿತ ಒಪ್ಪಿಗೆ ಪಡೆಯಬೇಕು. ತಾಯಿ ಕಾಯಿಲೆಯಿಂದ ಮಲಗಿದ್ದಾಗ ಒಪ್ಪಿಗೆಗೆ ಬರೆದು, ಅದು ಬರುವಷ್ಟರಲ್ಲಿ ತಾಯಿಯೇ ಇಲ್ಲವಾದ ಕತೆಗಳನ್ನು ಒಬ್ಬರಲ್ಲ, ಹಲವರ ಬಾಯಿಂದ ಕೇಳಿದ್ದೇನೆ.

ಇಷ್ಟರ ನಂತರ ಬಂದ 2023ರ ಪ್ರಕ್ರಿಯೆ ಹೋಲಿಕೆಯಲ್ಲಿ ಸರಳವಾಗಿತ್ತು. ತಾತ್ಕಾಲಿಕ ವೀಸಾ ಈಗಾಗಲೇ ಪಡೆದವರು ತಮಗೆ ಯಾಕೆ ರಕ್ಷಣೆ ಬೇಕೆಂಬುದನ್ನು ಮತ್ತೊಮ್ಮೆ ಸಾಬೀತುಪಡಿಸಬೇಕಾಗಿರಲಿಲ್ಲ. ಗುರುತು ಸರಿಯಿರಬೇಕು, ವೈದ್ಯಕೀಯ ಪರೀಕ್ಷೆ ಆಗಬೇಕು, ಪೊಲೀಸ್ ದಾಖಲೆ ನೋಡಬೇಕು, ದೇಶದ ಮೌಲ್ಯಗಳನ್ನು ಗೌರವಿಸುವ ಹೇಳಿಕೆಗೆ ಸಹಿ ಹಾಕಬೇಕು. ಅರ್ಜಿಗೆ ಶುಲ್ಕವಿರಲಿಲ್ಲ. ನವೀಕರಣಕ್ಕೆಂದು ಆಗಲೇ ಅರ್ಜಿ ಹಾಕಿದ್ದ ಬಹಳಷ್ಟು ಮಂದಿಯ ಅರ್ಜಿಗಳು ತಾವಾಗಿಯೇ 851ರ ಅರ್ಜಿಗಳಾಗಿ ಪರಿವರ್ತನೆಯಾದವು. ಉಳಿದವರು ಮಾರ್ಚ್ ಕೊನೆಯಿಂದ ಹೊಸದಾಗಿ ಹಾಕತೊಡಗಿದರು.

'ಅಕ್ಕಾ, ಇಂಟರ್‌ವ್ಯೂ ಯಾವಾಗ?' ಎಂದು ಜಾಫ್ನಾದ ಕಡೆಯವರೊಬ್ಬರು ಕೇಳಿದರು. ಸಾಮಾನ್ಯವಾಗಿ ಇಂಟರ್‌ವ್ಯೂ ಇರುವುದಿಲ್ಲವೆಂದು ವಕೀಲರು ಹೇಳಿದ್ದನ್ನು ನಾನು ತಮಿಳಿನಲ್ಲಿ ಹೇಳಿದೆ. ಅವರು ನಂಬಲಿಲ್ಲ. ಯುದ್ಧದ ಕೊನೆಯ ತಿಂಗಳುಗಳಲ್ಲಿ ಎಲ್ಲಿದ್ದಿರಿ, ಯಾವ ಶಿಬಿರ, ಯಾವ ತಾರೀಕು ಎಂಬ ಪ್ರಶ್ನೆಗಳಿಗೆ ಹಿಂದಿನ ಸಲ ಕೊಟ್ಟ ಉತ್ತರಗಳ ಪ್ರತಿಯನ್ನು ಅವರು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದರು. ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದರು. ನಡೆದದ್ದನ್ನೇ ಹೇಳುವುದಕ್ಕೆ ಬಾಯಿಪಾಠ ಯಾಕೆ ಬೇಕು ಎಂದು ಹೊರಗಿನವರಿಗೆ ಅನ್ನಿಸೀತು. ಒಂದು ತಾರೀಕು ಆಚೀಚೆಯಾದರೂ ಸುಳ್ಳುಗಾರನೆಂಬ ಮುದ್ರೆ ಬೀಳುವುದನ್ನು ಜೊತೆಗಾರರ ವಿಷಯದಲ್ಲಿ ಕಂಡವರಿಗೆ ಅದು ಯಾಕೆಂದು ಗೊತ್ತು.

ಶನಿವಾರಗಳಲ್ಲಿ ನಮ್ಮ ಹೆಚ್ಚಿನ ಸಮಯ ಹೋದದ್ದು ಗುರುತಿನ ತಾಳೆಗೆ. ದೋಣಿಯಿಂದ ಇಳಿದ ದಿನ ದುಭಾಷಿಯ ಮೂಲಕ ಬರೆದುಕೊಂಡ ಹೆಸರೊಂದು, ಆಮೇಲೆ ಊರಿನಿಂದ ತರಿಸಿದ ಗುರುತಿನ ಚೀಟಿಯಲ್ಲಿರುವ ಹೆಸರು ಇನ್ನೊಂದು. ಮನೆತನದ ಹೆಸರೇ ಇಲ್ಲದವರಿಗೆ ನಮೂನೆ ತುಂಬಿಸಲೇಬೇಕೆಂದು ತಂದೆಯ ಹೆಸರನ್ನೋ ಬುಡಕಟ್ಟಿನ ಹೆಸರನ್ನೋ ಅಂಟಿಸಿರುತ್ತಾರೆ. ದಕ್ಷಿಣ ಕರ್ನಾಟಕದಿಂದ ಬಂದು ಪಾಸ್‌ಪೋರ್ಟಿನ ಇನಿಷಿಯಲ್ ಬಿಡಿಸಿ ಬರೆಯಲು ಪರದಾಡಿದವರಿಗೆ ಈ ಸಂಕಟದ ಒಂದಂಶ ಗೊತ್ತಿರುತ್ತದೆ. ಹುಟ್ಟಿದ ದಿನಾಂಕ ತಿಳಿಯದವರಿಗೆ ಜನವರಿ 1 ಎಂದು ಬರೆಯುವುದು ವಾಡಿಕೆ. ಒಂದೇ ಮನೆಯ ಗಂಡ, ಹೆಂಡತಿ, ಅಣ್ಣ ಮೂವರೂ ಜನವರಿ 1ರಂದೇ ಹುಟ್ಟಿದವರಾಗಿರುವುದನ್ನು ನೋಡಿದ್ದೇನೆ. ಬಂಧನ ಕೇಂದ್ರಗಳಲ್ಲಿ ಇವರನ್ನು ಗುರುತಿಸುತ್ತಿದ್ದದ್ದು ದೋಣಿಯ ಸಂಕೇತದ ಅಕ್ಷರಗಳು ಮತ್ತು ಅಂಕಿಗಳಿಂದ. ಹೆಂಡತಿಯ ಹುಟ್ಟುಹಬ್ಬ ಮರೆತವರಿಗೂ ಆ ಸಂಖ್ಯೆ ಇವತ್ತಿಗೂ ತಡವರಿಸದೆ ಬರುತ್ತದೆ.

ಹಿಂದೆ ತಪ್ಪಾಗಿ ಬರೆಸಿದ್ದನ್ನು ಈಗ ಸರಿಪಡಿಸಬೇಕೋ ಸುಮ್ಮನಿರಬೇಕೋ ಎಂಬುದು ಎಲ್ಲರನ್ನೂ ಕಾಡಿದ ಪ್ರಶ್ನೆ. ಕಾನೂನಿನ ದೃಷ್ಟಿಯಿಂದ ಉತ್ತರ ಸ್ಪಷ್ಟವಿದೆ: ತಪ್ಪು ಮಾಹಿತಿ ಕೊಟ್ಟಿದ್ದು ಗೊತ್ತಾದರೆ ತಿಳಿಸಬೇಕು, ಅದಕ್ಕೆಂದೇ 1023 ಸಂಖ್ಯೆಯ ನಮೂನೆ ಇದೆ, ತಿಳಿಸದಿದ್ದರೆ ಮುಂದೆ ವೀಸಾ ರದ್ದಾಗುವ ಅಪಾಯವೂ ಇದೆ. ಆದರೆ ಅದುಮಿಟ್ಟ ಭಯ ಬೇರೆ ಮಾತು ಹೇಳುತ್ತದೆ. ಮದುವೆಯಾಗಿದ್ದನ್ನು ಹೇಳಿದರೆ ಊರಿನಲ್ಲಿರುವ ಹೆಂಡತಿಗೆ ತೊಂದರೆಯಾದೀತೆಂದು ದೋಣಿಯಿಂದ ಇಳಿದ ದಿನ ಒಂಟಿಯೆಂದು ಬರೆಸಿದವರು ಇದ್ದರು. ಈಗ ಅದೇ ಹೆಂಡತಿಯನ್ನು ಕರೆಸಿಕೊಳ್ಳಬೇಕೆಂದರೆ ಆ ಒಂದು ಪದವನ್ನು ಮೊದಲು ತಿದ್ದಬೇಕು. ಅಂಥವರ ಜೊತೆ ವಕೀಲರು ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ಕೂತದ್ದುಂಟು. ಅಂಥ ಹೊತ್ತಿನಲ್ಲಿ ನಮ್ಮಂಥವರು ಹೊರಗಿರುವುದೇ ಸರಿ.

ವೀಸಾ ಮಂಜೂರಾದ ಪತ್ರ ಮಿಂಚಂಚೆಯಲ್ಲಿ ಬರುತ್ತದೆ. ಅದರಲ್ಲಿ ತಂಗುವ ಅವಧಿಗೆ ಅನಿರ್ದಿಷ್ಟ ಎಂದಿರುತ್ತದೆ. ಇದರೊಡನೆ ಸಾಮಾಜಿಕ ಭದ್ರತೆಯ ಭತ್ಯೆಗಳು, ಅಂಗವಿಕಲರ ವಿಮಾ ಯೋಜನೆ, ಉನ್ನತ ಶಿಕ್ಷಣದ ಸಾಲ, ಕುಟುಂಬದವರಿಗೆ ಪ್ರಾಯೋಜಕರಾಗುವ ಹಕ್ಕು ಎಲ್ಲವೂ ತೆರೆದುಕೊಳ್ಳುತ್ತವೆ. ನಾನು ಕಂಡಂತೆ ಮೊದಲು ಆಗುವ ಬದಲಾವಣೆ ಮಾತ್ರ ಇವಾವುವೂ ಅಲ್ಲ. ಜನ ಕೆಲಸ ಬದಲಾಯಿಸುತ್ತಾರೆ. ವೀಸಾ ಕಾರಣಕ್ಕೆ ಬೇರೆಡೆ ಸಿಗಲಿಕ್ಕಿಲ್ಲವೆಂದು ಕಡಿಮೆ ಕೂಲಿಯನ್ನೂ ಬೈಗುಳವನ್ನೂ ಸಹಿಸಿಕೊಂಡು ವರ್ಷಗಟ್ಟಲೆ ಒಂದೇ ಕಡೆ ದುಡಿದವರು, ಪತ್ರ ಬಂದ ತಿಂಗಳೊಪ್ಪತ್ತಿನಲ್ಲಿ ಆ ಮಾಲೀಕನಿಗೆ ನಮಸ್ಕಾರ ಹೇಳಿ ಹೊರಬೀಳುತ್ತಾರೆ. ಅರ್ಥಶಾಸ್ತ್ರಜ್ಞರು ಇದನ್ನು ಹೇಗೆ ವಿವರಿಸುತ್ತಾರೋ ತಿಳಿಯದು, ನನಗಂತೂ ನೋಡಿದಾಗಲೆಲ್ಲ ಸಂತೋಷವಾಗುತ್ತದೆ.

ಆದರೆ ಕಳೆದ ವರ್ಷಗಳನ್ನು ಈ ವೀಸಾ ಹಿಂದಿರುಗಿಸುವುದಿಲ್ಲ, ಮತ್ತು ಅದು ಅತ್ಯಂತ ನಿಷ್ಠುರವಾಗಿ ಎದುರಾಗುವುದು ಕುಟುಂಬದ ಅರ್ಜಿಗಳಲ್ಲಿ. ಸಮುದ್ರದ ದಾರಿಯಲ್ಲಿ ಬಂದವರ ಕುಟುಂಬ ಅರ್ಜಿಗಳನ್ನು ಕೊನೆಯ ಸರದಿಯಲ್ಲಿಡಬೇಕೆಂಬ ಸಚಿವರ ನಿರ್ದೇಶನವೊಂದು ಹಿಂದೆ ಜಾರಿಯಲ್ಲಿತ್ತು. 2023ರ ಫೆಬ್ರವರಿಯಲ್ಲಿ ಅದನ್ನು ಬದಲಿಸಿದ್ದು ಒಳ್ಳೆಯದಾಯಿತು. ಮಾನವೀಯ ನೆಲೆಯ ಯೋಜನೆಯಲ್ಲಿ ಶುಲ್ಕವಿಲ್ಲದೆ ಕುಟುಂಬವನ್ನು ಕರೆಸಿಕೊಳ್ಳುವ ದಾರಿ ಮಾತ್ರ 2012ರ ಆಗಸ್ಟ್ 13ರಿಂದ ಈಚೆಗೆ ದೋಣಿಯಲ್ಲಿ ಬಂದವರಿಗೆ ಮುಚ್ಚಿದೆ. ಉಳಿಯುವುದು ಸಂಗಾತಿ ವೀಸಾ ಮತ್ತು ಮಕ್ಕಳ ವೀಸಾ. ಸಂಗಾತಿ ವೀಸಾದ ಅರ್ಜಿ ಶುಲ್ಕವೇ 8,000 ಡಾಲರ್‌ಗಿಂತ ಹೆಚ್ಚು. ಜೊತೆಗೆ ಬರುವ ಪ್ರತಿ ಮಗುವಿಗೂ ಬೇರೆ ಶುಲ್ಕ.

ಹಣವನ್ನು ಹೇಗೋ ಹೊಂದಿಸುತ್ತಾರೆ, ಆದರೆ ವಯಸ್ಸನ್ನು ಹೊಂದಿಸುವುದು ಯಾರ ಕೈಯಲ್ಲೂ ಇಲ್ಲ. ತಾಯಿಯ ಸಂಗಾತಿ ವೀಸಾ ಅರ್ಜಿಯಲ್ಲಿ ಸೇರಿಸಬಹುದಾದ ಮಗ ಅಥವಾ ಮಗಳು ಹದಿನೆಂಟರೊಳಗಿರಬೇಕು, ಇಲ್ಲವೇ ಇಪ್ಪತ್ತಮೂರರೊಳಗಿದ್ದು ಹೆತ್ತವರನ್ನು ಅವಲಂಬಿಸಿರಬೇಕು. 2012ರಲ್ಲಿ ಹನ್ನೆರಡು ವರ್ಷದವನಾಗಿದ್ದ ಹುಡುಗ, ತಂದೆಗೆ ಶಾಶ್ವತ ವೀಸಾ ಬರುವ ಹೊತ್ತಿಗೆ ಇಪ್ಪತ್ತಮೂರು ದಾಟಿಯಾಗಿದೆ. ತಾಯಿ ತೀರಿಹೋಗಿದ್ದರೆ ಮಕ್ಕಳ ವೀಸಾಕ್ಕೆ ಪ್ರತ್ಯೇಕವಾಗಿ ಹಾಕಬೇಕು. ಅದರಲ್ಲಿ ಹದಿನೆಂಟು ದಾಟಿದವರು ಇಪ್ಪತ್ತೈದರೊಳಗಿದ್ದು ಪೂರ್ಣಾವಧಿ ವಿದ್ಯಾರ್ಥಿಗಳಾಗಿರಬೇಕೆಂಬ ನಿಯಮವಿದೆ. ಈಗ ಒಬ್ಬ ಹಜಾರಾ ತಂದೆಯ ಮಗಳನ್ನು ಊಹಿಸಿಕೊಳ್ಳಿ. ತಾಲಿಬಾನಿಗಳು 2021ರಲ್ಲಿ ಅಧಿಕಾರ ಹಿಡಿದ ಮೇಲೆ ಹುಡುಗಿಯರಿಗೆ ಪ್ರೌಢಶಾಲೆಗಳನ್ನು ಮುಚ್ಚಿದರು, 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳನ್ನೂ ಮುಚ್ಚಿದರು. ಓದುತ್ತಿರುವುದಕ್ಕೆ ದಾಖಲೆ ಕೊಡಿ ಎಂದು ಮೆಲ್ಬರ್ನಿನಿಂದ ಕೇಳಿದರೆ ಆ ಹುಡುಗಿ ಯಾವ ಕಾಲೇಜಿನ ಪತ್ರ ತರಬೇಕು? ನಿಯಮ ಬರೆದವರು ಕೇಡು ಬಯಸಿ ಬರೆದದ್ದಲ್ಲ, ಸರಿ. ಹತ್ತು ವರ್ಷ ತಡಮಾಡಿ ಆಮೇಲೆ ಮಗುವಿನ ವಯಸ್ಸನ್ನು ಆ ಮಗುವಿನ ವಿರುದ್ಧವೇ ಎಣಿಸುವುದು ನ್ಯಾಯವೆಂದು ಮಾತ್ರ ನನಗೆ ಯಾರೂ ಒಪ್ಪಿಸಲಾರರು. ಇದರ ಮೇಲೆ ಕಾಬೂಲಿನಲ್ಲಿ ಆಸ್ಟ್ರೇಲಿಯಾದ ರಾಯಭಾರ ಕಚೇರಿ 2021ರ ಮೇ ತಿಂಗಳಿನಲ್ಲೇ ಮುಚ್ಚಿದ್ದರಿಂದ, ಬೆರಳಚ್ಚಿಗೂ ವೈದ್ಯಕೀಯ ಪರೀಕ್ಷೆಗೂ ಕುಟುಂಬ ಗಡಿ ದಾಟಿ ಬೇರೆ ದೇಶಕ್ಕೆ ಹೋಗಬೇಕು.

ಪ್ರಯಾಣದ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. 851ರ ನಿವಾಸ ಶಾಶ್ವತ. ಹೊರಹೋಗಿ ಮರಳಿ ಬರುವ ಅನುಮತಿ ಮಾತ್ರ ಮಂಜೂರಾದ ದಿನದಿಂದ ಐದು ವರ್ಷ. 2023ರಲ್ಲಿ ವೀಸಾ ಪಡೆದವರಿಗೆ ಅದು 2028ಕ್ಕೆ ತೀರುತ್ತದೆ. ಆಮೇಲೆ ಪ್ರಯಾಣ ಮಾಡಬೇಕಿದ್ದರೆ ಮರುಪ್ರವೇಶದ ವೀಸಾ ಬೇಕು, ಇಲ್ಲವೇ ಅಷ್ಟರೊಳಗೆ ಪೌರತ್ವ ಪಡೆದಿರಬೇಕು. ಬಿಟ್ಟುಬಂದ ದೇಶಕ್ಕೆ ಹೋಗಬಾರದೆಂಬ ಹಳೆಯ ಷರತ್ತು ಇದರಲ್ಲಿಲ್ಲ. ಹಾಗಿದ್ದರೂ ಪೌರತ್ವ ಸಿಗುವ ಮೊದಲು ಅಲ್ಲಿಗೆ ಹೋಗುವ ವಿಚಾರವಿದ್ದರೆ ತಮ್ಮನ್ನು ಕಂಡು ಮಾತಾಡಿಯೇ ಟಿಕೆಟ್ ತೆಗೆಯಬೇಕೆಂದು ನಮ್ಮ ವಕೀಲರು ಎಲ್ಲರಿಗೂ ಹೇಳುತ್ತಾರೆ, ಯಾಕೆಂದರೆ ಅಪಾಯವಿದೆಯೆಂದು ಆಶ್ರಯ ಪಡೆದವರು ಅಲ್ಲಿಗೇ ಹೋದರೆ ಹಳೆಯ ಹೇಳಿಕೆಗಳ ಮೇಲೆ ಪ್ರಶ್ನೆ ಏಳಬಹುದು.

ಪೌರತ್ವಕ್ಕೆ ನಾಲ್ಕು ವರ್ಷಗಳ ಕಾನೂನುಬದ್ಧ ವಾಸ ಬೇಕು, ಅದರಲ್ಲಿ ಕೊನೆಯ ಹನ್ನೆರಡು ತಿಂಗಳು ಶಾಶ್ವತ ನಿವಾಸಿಯಾಗಿರಬೇಕು. ತಾತ್ಕಾಲಿಕ ವೀಸಾದ ವರ್ಷಗಳೂ ಆ ನಾಲ್ಕರಲ್ಲಿ ಸೇರುವುದರಿಂದ, 851 ಬಂದು ಒಂದು ವರ್ಷ ತುಂಬುತ್ತಿದ್ದಂತೆ ಅನೇಕರು ಅರ್ಹರಾದರು. ಕಳೆದ ಕಾಲ ಲೆಕ್ಕಕ್ಕೆ ಬಂದದ್ದು ಬಹುಶಃ ಇದೊಂದು ಕಡೆ. ಪರೀಕ್ಷೆಯಲ್ಲಿ ಇಪ್ಪತ್ತು ಪ್ರಶ್ನೆಗಳು, ಶೇಕಡಾ 75 ಬರಬೇಕು, ಮೌಲ್ಯಗಳ ಬಗ್ಗೆ ಇರುವ ಐದಕ್ಕೆ ಐದೂ ಸರಿಯಿರಬೇಕು. ಓದುಬರಹ ತಡವಾಗಿ ಕಲಿತವರಿಗೆ ಇದು ಸುಲಭವಲ್ಲ. ಗುರುತಿನ ಪರಿಶೀಲನೆಯ ಹೆಸರಿನಲ್ಲಿ ಅರ್ಜಿಗಳು ಕೂತೇ ಇರುವುದೂ ಹೊಸದಲ್ಲ. ಅಫ್ಘಾನ್ ನಿರಾಶ್ರಿತರಿಬ್ಬರ ಪೌರತ್ವದ ಅರ್ಜಿಗಳನ್ನು ಅಸಮಂಜಸವಾಗಿ ತಡಮಾಡಲಾಗಿದೆ ಎಂದು ಫೆಡರಲ್ ನ್ಯಾಯಾಲಯ 2016ರ ಡಿಸೆಂಬರ್‌ನಲ್ಲೇ ತೀರ್ಪು ಕೊಟ್ಟಿತ್ತು.

ಇನ್ನು ಈ ಬಾಗಿಲಿನ ಹೊರಗೇ ಉಳಿದವರ ಮಾತು. ಅದೇ ವರ್ಷಗಳಲ್ಲಿ, ಕೆಲವೊಮ್ಮೆ ಅದೇ ದೋಣಿಯಲ್ಲಿ ಬಂದು, 'ಫಾಸ್ಟ್ ಟ್ರ್ಯಾಕ್' ಎಂಬ ವಿಚಾರಣೆಯಲ್ಲಿ ತಿರಸ್ಕೃತರಾದ ಸಾವಿರಾರು ಮಂದಿಗೆ 2023ರ ಘೋಷಣೆ ಅನ್ವಯಿಸಲಿಲ್ಲ. ಆ ತಿರಸ್ಕಾರಗಳ ಮರುಪರಿಶೀಲನೆಯನ್ನು ಸಾಮಾನ್ಯವಾಗಿ ಅರ್ಜಿದಾರರನ್ನು ಎದುರು ಕೂರಿಸಿಕೊಳ್ಳದೆ ಕಾಗದಗಳನ್ನಷ್ಟೇ ನೋಡಿ ಮಾಡಲಾಗುತ್ತಿತ್ತು. ಆ ಕೆಲಸಕ್ಕೆಂದು ಇದ್ದ ವಲಸೆ ಮೌಲ್ಯಮಾಪನ ಪ್ರಾಧಿಕಾರವನ್ನು 2024ರ ಅಕ್ಟೋಬರ್‌ನಲ್ಲಿ ಮುಚ್ಚಲಾಗಿದೆ. ಅದು ಹಿಂದೆ ಕೊಟ್ಟ ತೀರ್ಮಾನಗಳು ಹಾಗೆಯೇ ಉಳಿದಿವೆ. 2021ರ ಆಗಸ್ಟ್‌ಗೆ ಮೊದಲು, ಕಾಬೂಲಿನಲ್ಲಿ ನೀವು ಸುರಕ್ಷಿತವಾಗಿರಬಹುದು ಎಂದು ಹೇಳಿಸಿಕೊಂಡು ತಿರಸ್ಕೃತರಾದವರೂ ಇವರಲ್ಲಿದ್ದಾರೆ. ಹೊಸದಾಗಿ ಅರ್ಜಿ ಹಾಕಬೇಕಾದರೆ ವಲಸೆ ಕಾಯಿದೆಯ 48ಬಿ ವಿಧಿಯಡಿ, ಒಮ್ಮೆ ತಿರಸ್ಕೃತರಾದವರು ಮತ್ತೆ ಅರ್ಜಿ ಹಾಕುವಂತಿಲ್ಲವೆಂಬ ಅಡ್ಡಿಯನ್ನು ಸಚಿವರೇ ತೆಗೆಯಬೇಕು, ಮತ್ತು ಅಂಥ ಕೋರಿಕೆಯನ್ನು ಪರಿಗಣಿಸಲೇಬೇಕೆಂಬ ಬಾಧ್ಯತೆ ಸಚಿವರಿಗಿಲ್ಲ. ಅಲ್ಲಿಯವರೆಗೆ ಕೆಲವು ತಿಂಗಳಿಗೊಮ್ಮೆ ನವೀಕರಿಸುವ ಬ್ರಿಡ್ಜಿಂಗ್ ವೀಸಾವೇ ಗತಿ. ಅದರಲ್ಲಿ ಕೆಲಸದ ಹಕ್ಕು ಕೆಲವರಿಗಿದೆ, ಕೆಲವರಿಗಿಲ್ಲ. 851ರ ಅರ್ಜಿಗಳು ಬಹುತೇಕ ಮುಗಿದಿರುವುದರಿಂದ ನಮ್ಮ ಶನಿವಾರದ ಮೇಜಿನ ಮೇಲೆ ಈಗ ಇರುವುದು ಎರಡೇ ಬಗೆಯ ಕಡತಗಳು: ಕುಟುಂಬದವರ ವೀಸಾ ಅರ್ಜಿಗಳು, ಮತ್ತು ಸಚಿವರಿಗೆ ಬರೆಯುವ ಈ ಕೋರಿಕೆಗಳು. ಎರಡನೆಯದರ ಕಟ್ಟೇ ದಪ್ಪವಾಗಿದೆ.